ಮಗಳ ಮಾತ್ರೆ, ಮೊಮ್ಮಗುವಿನ ಮಿದುಳು

ಪ್ರಶ್ನೆ: ಡಾಕ್ಟ್ರೇ, ನಾನು ದಾವಣಗೆರೆಯವಳು. ಪ್ರೈಮರಿ ಶಾಲೆ ಟೀಚರ್ ಆಗಿದ್ದು ರಿಟೈರ್ ಆಗಿದ್ದೇನೆ. ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ನಾಲ್ಕು ವರ್ಷದ ಹಿಂದೆ ಕಾರು ಅಪಘಾತದಲ್ಲಿ ಮಗಳ ಸೊಂಟದ ಮೂಳೆ ಮುರಿದು ಎರಡು ಆಪರೇಷನ್ ಆಯಿತು. ಆಗ ಕೊಟ್ಟ ನೋವಿನ ಮಾತ್ರೆ ಬಿಡೋಕೇ ಆಗದ ಹಾಗಾಯಿತಂತೆ. ನಮಗೆ ಹೇಳಿರಲಿಲ್ಲ. ಎರಡು ವರ್ಷದಿಂದ ಅದಕ್ಕೆ ಚಿಕಿತ್ಸೆಯಾಗಿ ಬ್ಯುಪ್ರೆನಾರ್ಫಿನ್ ಅನ್ನುವ ಔಷಧವನ್ನು ನಾಲಿಗೆ ಕೆಳಗೆ ಇಟ್ಟುಕೊಳ್ಳುತ್ತಾಳೆ. ಈಗ ಅವಳಿಗೆ ಏಳು ತಿಂಗಳು. ಈ ವಿಷಯ ನನಗೆ ಗೊತ್ತಾಗಿದ್ದು ಹೋದ ತಿಂಗಳು. ಇಂಥ ಮಕ್ಕಳು ಹುಟ್ಟುವಾಗಲೇ ಅಡಿಕ್ಟ್ ಆಗಿರುತ್ತವೆ, ಮಿದುಳು ಸಣ್ಣದಾಗಿರುತ್ತದೆ, ಬುದ್ಧಿ ಮಂದ ಅಂತ ಒಂದು ವಿಡಿಯೋದಲ್ಲಿ ನೋಡಿದೆ. "ಮಗು ಹುಟ್ಟೋವರೆಗಾದ್ರೂ ಆ ಮಾತ್ರೆ ನಿಲ್ಸೇ" ಅಂದೆ. ಅವಳು ಫೋನ್ ಇಟ್ಟುಬಿಟ್ಟಳು. ಈಗ ಆಸ್ಪತ್ರೆಯವರು ಮಗುವಿನ ಮಿದುಳಿನ ಬೆಳವಣಿಗೆ ನೋಡುವ ಯಾವುದೋ ಅಧ್ಯಯನಕ್ಕೆ ಸೇರುತ್ತೀರಾ ಅಂತ ಕೇಳಿದ್ದಾರಂತೆ. ಹಸುಗೂಸನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸುತ್ತಾರಂತೆ. ನಮ್ಮ ಮಗುವನ್ನು ಪ್ರಯೋಗಕ್ಕೆ ಬಳಸಿಕೊಳ್ಳುತ್ತಿದ್ದಾರಾ? ಮುಂದಿನ ತಿಂಗಳು ಬಾಣಂತನಕ್ಕೆ ಹೊರಟಿದ್ದೇನೆ. ಅಲ್ಲಿ ಹೋಗಿ ನಾನು ಏನು ಮಾಡಬೇಕು, ಏನು ಮಾಡಬಾರದು?

ಉತ್ತರ: ಅಮ್ಮಾ, ಇದನ್ನು ಓದಿ ಮುಗಿಸುವ ಮುಂಚೆ ಒಂದು ಕೆಲಸ ಮಾಡಿ. ಮಗಳಿಗೆ ಫೋನ್ ಮಾಡಿ, "ಮಾತ್ರೆ ನಿಲ್ಲಿಸಬೇಡ ಕಣೇ, ನಾನು ತಿಳೀದೆ ಅಂದುಬಿಟ್ಟೆ" ಅಂತ ಹೇಳಿ. ಫೋನ್ ಎತ್ತದಿದ್ದರೆ ವಾಟ್ಸಾಪ್‌ನಲ್ಲಾದರೂ ಹಾಕಿ. ಉಳಿದದ್ದು ನಿಧಾನವಾಗಿ ಮಾತಾಡೋಣ.

ಇಷ್ಟು ಅವಸರ ಯಾಕೆ ಅಂದರೆ, ನಿಮ್ಮ ಪತ್ರದಲ್ಲಿರುವ ಹತ್ತಾರು ಭಯಗಳಲ್ಲಿ ಮಗುವಿನ ಜೀವಕ್ಕೇ ಕುತ್ತು ತರಬಹುದಾದ್ದು ಆ ಒಂದು ಮಾತು ಮಾತ್ರ. ಓಪಿಯಾಯ್ಡ್‌ಗೆ, ಅಂದರೆ ಬ್ಯುಪ್ರೆನಾರ್ಫಿನ್ ಥರದ ಅಫೀಮಿನ ಜಾತಿಯ ಔಷಧಕ್ಕೆ, ಒಗ್ಗಿದ ಬಸುರಿ ಅದನ್ನು ದಿಢೀರ್ ಅಂತ ನಿಲ್ಲಿಸಿದರೆ ಅವಳ ಮೈ ನಡುಗುತ್ತದೆ, ವಾಂತಿ, ಭೇದಿ, ಬೆವರು, ನಿದ್ದೆಯಿಲ್ಲ. ಹೊಟ್ಟೆಯೊಳಗಿನ ಮಗುವೂ ಆ ಒದ್ದಾಟದಲ್ಲಿ ಪಾಲುದಾರ. ದಿನ ತುಂಬುವ ಮುಂಚೆ ಹೆರಿಗೆ ಆಗುವ ಅಪಾಯವೂ ಇದೆ. ಅದಕ್ಕಿಂತ ದೊಡ್ಡದು ಇನ್ನೊಂದು. ಹೀಗೆ ನಿಲ್ಲಿಸಿದವರಲ್ಲಿ ತುಂಬಾ ಜನ ತಡೆಯಲಾರದೆ ಮತ್ತೆ ಹಳೆಯ ಮಾತ್ರೆಗೋ ಬೀದಿಯಲ್ಲಿ ಸಿಗುವ ಮಾಲಿಗೋ ಮರಳುತ್ತಾರೆ. ಅಷ್ಟರಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ. ಮೊದಲು ತಡೆದುಕೊಂಡಿದ್ದ ಪ್ರಮಾಣವೇ ಈಗ ಉಸಿರು ನಿಲ್ಲಿಸುತ್ತದೆ. ಅಮೆರಿಕದ ಬೀದಿಯಲ್ಲಿ ಈಗ ಸಿಗುವುದರಲ್ಲಿ ಬಹುಪಾಲು ಫೆಂಟನಿಲ್ ಅನ್ನುವ ಅತಿ ತೀವ್ರ ಓಪಿಯಾಯ್ಡ್ ಬೆರೆತದ್ದು. ಅಲ್ಲಿನ ಹೆರಿಗೆ ತಜ್ಞರ ಸಂಘವೂ ಬಸುರಿನಲ್ಲಿ ಈ ಔಷಧ ಬಿಡಿಸುವುದಕ್ಕಿಂತ ಮುಂದುವರಿಸುವುದೇ ಸರಿ ಅನ್ನುತ್ತದೆ.

ನಾನು ನವಜಾತ ಶಿಶುಗಳ ಡಾಕ್ಟರ್. ಮೈಸೂರಿಗೆ ಬರುವ ಮುಂಚೆ ಆರು ವರ್ಷ ಅಮೆರಿಕದ ಒಂದು ಆಸ್ಪತ್ರೆಯ ಹಸುಗೂಸುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯುನಲ್ಲಿದ್ದೆ. ನಿಮ್ಮ ಮಗಳಂಥ ಅಮ್ಮಂದಿರನ್ನು ವಾರಕ್ಕೆ ಒಬ್ಬಿಬ್ಬರನ್ನಾದರೂ ನೋಡುತ್ತಿದ್ದೆ. ಎಲ್ಲರೂ ಬೀದಿಯಿಂದ ಬಂದವರಲ್ಲ. ಟೀಚರುಗಳು, ನರ್ಸುಗಳು, ಸಿಸೇರಿಯನ್ ಆದಮೇಲೆ ಕೊಟ್ಟ ಮಾತ್ರೆಯಿಂದ ಸಿಕ್ಕಿಬಿದ್ದವರು, ನಿಮ್ಮ ಮಗಳ ಹಾಗೆ ಅಪಘಾತ ಆದವರು. ಆ ದೇಶದಲ್ಲಿ ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಅಮ್ಮನಿಂದ ಬರುತ್ತಿದ್ದ ಔಷಧ ಒಮ್ಮೆಗೇ ನಿಂತು ಆಗುವ ಒದ್ದಾಟ, ಅಂದರೆ ಔಷಧ ಕಡಿತದ ಲಕ್ಷಣ ಕಂಡವು 2010ರಲ್ಲಿ ಸುಮಾರು 4. 2017ರ ಹೊತ್ತಿಗೆ ಅದು 7 ದಾಟಿತ್ತು. ನಿಮ್ಮ ಮನೆಗೆ ಮಾತ್ರ ಬಂದ ಕಷ್ಟ ಅಲ್ಲ ಇದು.

ಈಗ ಆ ವಿಡಿಯೋದ ಮಾತಿಗೆ ಬರೋಣ.

"ಹುಟ್ಟುವಾಗಲೇ ಅಡಿಕ್ಟ್" ಅನ್ನುವುದು ಶುದ್ಧ ತಪ್ಪು. ನಿಮಗೆ ಬೆಳಿಗ್ಗೆ ಕಾಫಿ ಸಿಗದಿದ್ದರೆ ತಲೆ ಸಿಡಿಯುತ್ತದಾ? ಅದು ದೇಹದ ಒಗ್ಗುವಿಕೆ. ಕಾಫಿಗಾಗಿ ಮನೆ, ಕೆಲಸ, ಮಾನ ಎಲ್ಲ ಬಿಟ್ಟು ಅಲೆಯುವುದು ವ್ಯಸನ. ಮಗುವಿಗೆ ಮೊದಲನೆಯದು ಆಗಬಹುದು, ಎರಡನೆಯದು ಸಾಧ್ಯವೇ ಇಲ್ಲ. ಅದಕ್ಕೆ ಬೇಕಾದದ್ದು ಏನು ಅಂತಲೇ ಅದಕ್ಕೆ ಗೊತ್ತಿಲ್ಲವಲ್ಲ! ಒಂಬತ್ತು ತಿಂಗಳು ಹೊಕ್ಕುಳಬಳ್ಳಿಯಲ್ಲಿ ಬರುತ್ತಿದ್ದ ಔಷಧ ಬಳ್ಳಿ ಕತ್ತರಿಸಿದ ಕ್ಷಣ ನಿಲ್ಲುತ್ತದೆ. ಇಷ್ಟು ದಿನ ಆ ಔಷಧ ಅದುಮಿಟ್ಟಿದ್ದ ಎಚ್ಚರದ ನರಗಳು ಒಮ್ಮೆಗೇ ಪುಟಿದೇಳುತ್ತವೆ. ಅದಕ್ಕೇ ಮಗು ಕೀರಲು ದನಿಯಲ್ಲಿ ಅಳುತ್ತದೆ, ಕೈಕಾಲು ಅದುರುತ್ತವೆ, ಮೇಲಿಂದ ಮೇಲೆ ಸೀನು, ಆಕಳಿಕೆ, ಬೆವರು, ತೆಳ್ಳಗೆ ಭೇದಿ. ಮೊಲೆ ಹಿಡಿಯಲು ಹಸಿವಿದ್ದರೂ ಆಗುವುದಿಲ್ಲ. ಬ್ಯುಪ್ರೆನಾರ್ಫಿನ್ ತಗೊಂಡ ಅಮ್ಮನ ಮಗುವಿನಲ್ಲಿ ಇದು ಸಾಮಾನ್ಯವಾಗಿ ಎರಡನೇ ಮೂರನೇ ದಿನ ಶುರುವಾಗುತ್ತದೆ. ಅದಕ್ಕೇ ಲಕ್ಷಣ ಇಲ್ಲದಿದ್ದರೂ ನಾಲ್ಕರಿಂದ ಏಳು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತಾರೆ. "ಮಗು ಚೆನ್ನಾಗಿದೆಯಲ್ಲ, ಮನೆಗೆ ಕಳಿಸಿ" ಅಂತ ಎರಡನೇ ದಿನಕ್ಕೇ ಜಗಳ ತೆಗೆಯಬೇಡಿ.

ಎಲ್ಲ ಮಕ್ಕಳಿಗೂ ಚಿಕಿತ್ಸೆ ಬೇಕಾಗುವಷ್ಟು ತೊಂದರೆ ಆಗುವುದಿಲ್ಲ. ತೊಂದರೆ ಆದರೂ ಗುಣ ಆಗುವ ಸ್ಥಿತಿ ಇದು. ದಿನಗಳಲ್ಲಿ, ಕೆಲವರಲ್ಲಿ ವಾರಗಳಲ್ಲಿ. ನಿಮ್ಮ ಮಗಳು ಡೋಸ್ ಕಡಿಮೆ ಮಾಡಿಕೊಂಡರೆ ಮಗುವಿಗೆ ಒಳ್ಳೆಯದಲ್ಲವಾ ಅಂತ ನಿಮಗೆ ಅನ್ನಿಸಬಹುದು. ಅಮ್ಮನ ಡೋಸಿಗೂ ಮಗುವಿನ ಒದ್ದಾಟಕ್ಕೂ ಅಂಥ ನೇರ ಸಂಬಂಧ ಕಂಡಿಲ್ಲ. ಕೊನೆಯ ತಿಂಗಳುಗಳಲ್ಲಿ ರಕ್ತದ ಪ್ರಮಾಣ ಹೆಚ್ಚುವುದರಿಂದ ಡೋಸ್ ಸ್ವಲ್ಪ ಏರಿಸಬೇಕಾಗಿ ಬರುವುದೂ ಉಂಟು. ಏರಿಸಿದರು ಅಂದರೆ ಮಗಳು "ಮತ್ತೆ ಜಾಸ್ತಿ ಮಾಡಿಕೊಂಡಳು" ಅಂತ ತಿಳಿಯಬೇಡಿ. ಒದ್ದಾಟ ಜಾಸ್ತಿ ಮಾಡುವುದು ಸಿಗರೇಟು, ಮತ್ತೆ ಜೊತೆಗೆ ತಗೊಳ್ಳುವ ಕೆಲವು ನಿದ್ದೆ ಮಾತ್ರೆ, ನರದ ಮಾತ್ರೆಗಳು.

ಇನ್ನು ಮಿದುಳು. ಇಲ್ಲಿ ನಾನು ನಿಮಗೆ "ಏನೂ ಆಗಲ್ಲ ಬಿಡಿ" ಅಂತ ಸುಮ್ನೆ ಹೇಳಿ ಕಳಿಸಲಾರೆ. "ಎಲ್ಲ ಹಾಳಾಯಿತು" ಅಂತಲೂ ಹೇಳುವುದಿಲ್ಲ. ಎರಡೂ ಸುಳ್ಳಾಗುತ್ತದೆ.

ಓಪಿಯಾಯ್ಡ್ ಅಂದರೆ ಅಫೀಮಿನ ಮನೆತನದ ಔಷಧಗಳು. ನಮ್ಮ ಮಿದುಳೇ ಎಂಡಾರ್ಫಿನ್ ಅನ್ನುವ ತನ್ನದೇ ಅಫೀಮನ್ನು ಚೂರುಚೂರು ತಯಾರಿಸುತ್ತದೆ. ಅದು ಬರೀ ನೋವು ತಗ್ಗಿಸುವುದಕ್ಕಲ್ಲ. ಗರ್ಭದಲ್ಲಿ ಮಿದುಳು ಕಟ್ಟುವಾಗ ಯಾವ ಜೀವಕೋಶ ಎಷ್ಟು ಹೆಚ್ಚಬೇಕು, ಎಲ್ಲಿ ಹೋಗಿ ಕೂರಬೇಕು ಅನ್ನುವುದರಲ್ಲೂ ಅದರ ಕೈ ಇದೆ. ನರದ ಎಳೆಗಳ ಮೇಲೆ ಮಯಲಿನ್ ಅಂತ ಒಂದು ಹೊದಿಕೆ ಬೆಳೆಯುತ್ತದೆ, ವೈರಿನ ಮೇಲಿನ ಪ್ಲಾಸ್ಟಿಕ್ ಇದ್ದ ಹಾಗೆ. ಅದು ಯಾವಾಗ ಶುರುವಾಗಬೇಕು ಅನ್ನುವುದರಲ್ಲೂ ಈ ವ್ಯವಸ್ಥೆಯ ಪಾತ್ರ ಇದೆ. ಅಲ್ಲಿಗೆ ಹೊರಗಿನಿಂದ ಔಷಧ ಬಂದು ಕೂತರೆ ಲೆಕ್ಕ ಸ್ವಲ್ಪ ಏರುಪೇರಾಗಬಹುದು ಅನ್ನುವುದು ಇಲಿಗಳಲ್ಲಿ ಕಂಡಿದೆ. ಬ್ಯುಪ್ರೆನಾರ್ಫಿನ್ ಕೂಡ ಇಲಿಮರಿಗಳಲ್ಲಿ ಮಯಲಿನ್ ಬೆಳೆಯುವ ಸಮಯವನ್ನು ಬದಲಿಸಿದೆ. ಹಾಗಾಗಿ ವಿಜ್ಞಾನಿಗಳ ಚಿಂತೆಗೆ ಆಧಾರ ಇದೆ.

ಮನುಷ್ಯರ ಮಕ್ಕಳಲ್ಲಿ? ಹೀಗೆ ಹುಟ್ಟಿದ ಶಿಶುಗಳ ಎಂಆರ್‌ಐ ಮಾಡಿದ ಕೆಲವು ಸಣ್ಣ ಅಧ್ಯಯನಗಳಲ್ಲಿ ಮಿದುಳಿನ ಕೆಲವು ಭಾಗಗಳ ಗಾತ್ರ ಸರಾಸರಿಗಿಂತ ತುಸು ಕಡಿಮೆ ಕಂಡಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಹುಟ್ಟುವಾಗ ಈ ಲಕ್ಷಣ ಇದ್ದ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಶಾಲೆಯ ಅಂಕಗಳನ್ನು ನೋಡಿ 2017ರಲ್ಲಿ ಒಂದು ವರದಿ ಬಂತು. ಮೂರನೇ ಕ್ಲಾಸಿನಲ್ಲೇ ಹಿಂದೆ ಇದ್ದರು, ಏಳನೇ ಕ್ಲಾಸಿಗೆ ಅಂತರ ಇನ್ನೂ ಹೆಚ್ಚಿತ್ತು. ನಿಮ್ಮ ವಿಡಿಯೋದವರು ಇಂಥದ್ದನ್ನೇ ನೋಡಿ ಹೇಳಿರಬೇಕು.

ಆದರೆ ನೀವು ಟೀಚರ್ ಆಗಿದ್ದವರು, ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಕ್ಲಾಸಿನಲ್ಲಿ ಹಿಂದೆ ಬಿದ್ದ ಹುಡುಗನ ಮನೆಯಲ್ಲಿ ಅಪ್ಪ ಕುಡಿಯುತ್ತಾನೆ, ಅಮ್ಮನಿಗೆ ರಕ್ತ ಇಲ್ಲ, ಹುಡುಗ ಏಳನೇ ತಿಂಗಳಿಗೇ ಹುಟ್ಟಿದವನು, ಮನೆಯಲ್ಲಿ ಬೆಳಿಗ್ಗೆ ತಿಂಡಿ ಇಲ್ಲ. ಅವನು ಹಿಂದೆ ಬಿದ್ದದ್ದು ಯಾವುದರಿಂದ ಅಂತ ಒಂದನ್ನೇ ಬೊಟ್ಟು ಮಾಡಿ ತೋರಿಸುತ್ತೀರಾ? ಈ ಅಧ್ಯಯನಗಳ ಕಷ್ಟವೂ ಇದೇ. ಓಪಿಯಾಯ್ಡ್ ತಗೊಂಡ ಅಮ್ಮಂದಿರಲ್ಲಿ ಬಹಳ ಜನ ಸಿಗರೇಟು ಸೇದುವವರು, ಬಡವರು, ಹೊಡೆತ ತಿಂದವರು, ಬಸುರಿನಲ್ಲಿ ಒಮ್ಮೆಯೂ ಡಾಕ್ಟರ ಹತ್ತಿರ ಹೋಗದವರು. ಮಗು ಹುಟ್ಟಿದ ಮೇಲೆ ಮೂರು ಮನೆ ಬದಲಾಯಿಸಿದ್ದೂ ಉಂಟು. ಇದರಲ್ಲಿ ಔಷಧದ ಪಾಲು ಎಷ್ಟು, ಬದುಕಿನ ಪಾಲು ಎಷ್ಟು? ಆ ಆಸ್ಟ್ರೇಲಿಯಾ ವರದಿಯಲ್ಲೇ ತಂದೆತಾಯಿಯ ಓದಿನ ಪರಿಣಾಮವೂ ಎದ್ದು ಕಂಡಿತು.

ಹೀಗೆ ಮೋಸ ಹೋದ ಕಥೆ ಒಂದಿದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪತ್ರಿಕೆ, ಟಿವಿ ತುಂಬ "ಕ್ರ್ಯಾಕ್ ಬೇಬಿ" ಅನ್ನುವ ಮಾತು. ಕ್ರ್ಯಾಕ್ ಅಂದರೆ ಸೇದುವ ಕೊಕೇನ್. ಕೊಕೇನ್ ತಗೊಂಡ ಅಮ್ಮಂದಿರ ಮಕ್ಕಳೆಲ್ಲ ಮುಂದೆ ದೇಶಕ್ಕೇ ಹೊರೆ ಆಗುತ್ತಾರೆ ಅಂತ ಭವಿಷ್ಯ ನುಡಿದುಬಿಟ್ಟಿದ್ದರು. ಫಿಲಡೆಲ್ಫಿಯಾದ ಹಾಲಮ್ ಹರ್ಟ್ ಅನ್ನುವ ಮಕ್ಕಳ ಡಾಕ್ಟರ್ 224 ಮಕ್ಕಳನ್ನು ಹುಟ್ಟಿದಾಗಿನಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿದರು. ಅರ್ಧದಷ್ಟು ಮಕ್ಕಳು ಕೊಕೇನ್ ತಗೊಂಡ ಅಮ್ಮಂದಿರವು, ಉಳಿದವು ಅದೇ ಬಡ ಬೀದಿಗಳ ಕೊಕೇನ್ ಮುಟ್ಟದ ಅಮ್ಮಂದಿರವು. ನಾಲ್ಕನೇ ವರ್ಷದಲ್ಲಿ ಐಕ್ಯೂ ನೋಡಿದರೆ ಮೊದಲ ಗುಂಪಿನದು ಸರಾಸರಿ 79, ಎರಡನೆಯದು 82ರ ಹತ್ತಿರ. ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು. ಆದರೆ ಎರಡೂ ಗುಂಪು ಸಾಮಾನ್ಯ ಸರಾಸರಿಯಾದ ನೂರಕ್ಕಿಂತ ಬಹಳ ಕೆಳಗೆ! ಬಡತನದ ಪೆಟ್ಟು ಕೊಕೇನಿಗಿಂತ ದೊಡ್ಡದು ಅಂತ ಆ ಡಾಕ್ಟರ್ ಕೊನೆಗೆ ಹೇಳಿದರು. ಓಪಿಯಾಯ್ಡ್ ಬೇರೆ, ಕೊಕೇನ್ ಬೇರೆ, ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಲಾಗದು. ಆದರೂ ಹೋಲಿಸುವ ಗುಂಪು ಸರಿಯಿಲ್ಲದೆ ಹೇಳಿದ ಭವಿಷ್ಯವನ್ನು ಎಷ್ಟು ನಂಬಬಹುದು ಅನ್ನುವುದಕ್ಕೆ ಇದು ಸಾಕು.

ನಿಮ್ಮ ಮಗಳ ಸ್ಥಿತಿಗೆ ಹತ್ತಿರದ ಲೆಕ್ಕ ಬೇರೆ ಇದೆ. 2010ರಲ್ಲಿ ಬಂದ ಒಂದು ದೊಡ್ಡ ಪರೀಕ್ಷೆಯಲ್ಲಿ ಬಸುರಿಯರಿಗೆ ಮೆಥಡೋನ್ (ಇದೇ ಚಿಕಿತ್ಸೆಗೆ ಬಳಸುವ ಇನ್ನೊಂದು ಓಪಿಯಾಯ್ಡ್) ಅಥವಾ ಬ್ಯುಪ್ರೆನಾರ್ಫಿನ್ ಕೊಟ್ಟು ನೋಡಿದರು. ಬ್ಯುಪ್ರೆನಾರ್ಫಿನ್ ಗುಂಪಿನ ಮಕ್ಕಳಿಗೆ ಕಡಿತದ ಒದ್ದಾಟ ತಗ್ಗಿಸಲು ಬೇಕಾದ ಮಾರ್ಫಿನ್ 89 ಪರ್ಸೆಂಟ್ ಕಡಿಮೆ. ಆಸ್ಪತ್ರೆಯಲ್ಲಿದ್ದದ್ದು 10 ದಿನ, ಇನ್ನೊಂದು ಗುಂಪು 17.5 ದಿನ. ಅದೇ ಮಕ್ಕಳಲ್ಲಿ 96 ಮಕ್ಕಳನ್ನು ಮೂರು ವರ್ಷ ತುಂಬುವ ತನಕ ನೋಡಿದರು. ಬೆಳವಣಿಗೆ, ಮಾತು, ಬುದ್ಧಿ ಎಲ್ಲ ವಯಸ್ಸಿಗೆ ತಕ್ಕ ಹಾಗೇ ಇತ್ತು. ಮೂರು ವರ್ಷದಲ್ಲಿ ಎಲ್ಲವೂ ಗೊತ್ತಾಗುವುದಿಲ್ಲ, ಒಪ್ಪುತ್ತೇನೆ. ಗಮನ ನಿಲ್ಲಿಸುವುದು, ತಾಳ್ಮೆ, ಗಣಿತ, ಇವೆಲ್ಲ ಶಾಲೆಗೆ ಹೋದಮೇಲೆ ಬಯಲಾಗುವ ವಿಷಯ. ನಿಖರವಾಗಿ ಅದಕ್ಕೇ ನಿಮಗೆ ಅನುಮಾನ ಬಂದಿರುವ ಅಧ್ಯಯನಗಳು ಹುಟ್ಟಿಕೊಂಡದ್ದು.

ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ನಡೆಸುವ ಎಚ್‌ಬಿಸಿಡಿ. ಮಕ್ಕಳ ಮಿದುಳು ಮತ್ತು ಬೆಳವಣಿಗೆಯ ಅಧ್ಯಯನ ಅಂತ ಇಟ್ಟುಕೊಳ್ಳಿ. ದೇಶದ ಬೇರೆ ಬೇರೆ ಕಡೆ 27 ಕೇಂದ್ರಗಳು, ಏಳು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಸೇರಿಸಿಕೊಳ್ಳುವ ಗುರಿ. ಬಸುರಿನಿಂದ ಹಿಡಿದು ಮಗುವಿಗೆ ಸುಮಾರು ಹತ್ತು ವರ್ಷ ಆಗುವವರೆಗೆ ನೋಡುವ ಯೋಜನೆ. ಸ್ಯಾನ್ ಡಿಯಾಗೋದ ಕ್ರಿಸ್ಟೀನಾ ಚೇಂಬರ್ಸ್ ಮತ್ತು ಬಾಸ್ಟನ್‌ನ ಚಾರ್ಲ್ಸ್ ನೆಲ್ಸನ್ ಇದರ ಮುಂದಾಳುಗಳು. ನಿಮ್ಮ ಮಗಳನ್ನು ಕೇಳಿರುವುದು ಇದೇ ಇರಬಹುದು, ಇದರಂಥದ್ದೇ ಬೇರೆ ಇರಬಹುದು. ಮಾಡುವ ವಿಧಾನ ಹೆಚ್ಚುಕಡಿಮೆ ಒಂದೇ.

ಇದರಲ್ಲಿ ನನಗೆ ಮೆಚ್ಚುಗೆಯಾದದ್ದು ಅವರು ಸೇರಿಸಿಕೊಂಡ ಅಮ್ಮಂದಿರು. ಓಪಿಯಾಯ್ಡ್ ತಗೊಂಡವರು ಇದ್ದಾರೆ. ಮದ್ಯ, ಗಾಂಜಾ, ತಂಬಾಕು ತಗೊಂಡವರು ಇದ್ದಾರೆ. ಏನನ್ನೂ ಮುಟ್ಟದವರೂ ಇದ್ದಾರೆ, ಅವರಲ್ಲಿ ಬಡವರೂ ಇದ್ದಾರೆ, ಉಳ್ಳವರೂ ಇದ್ದಾರೆ. ಮನೆ ಹೇಗಿದೆ, ಅಮ್ಮನ ಮನಸ್ಸು ಹೇಗಿದೆ, ರಾತ್ರಿ ನಿದ್ದೆ ಬರುತ್ತದಾ, ಮಗುವಿನ ಜೊತೆ ಎಷ್ಟು ಮಾತಾಡುತ್ತಾರೆ ಅನ್ನುವುದನ್ನೆಲ್ಲ ಬರೆದುಕೊಳ್ಳುತ್ತಾರೆ. ಆಗ ತಾನೇ ಔಷಧದ ಪಾಲನ್ನೂ ಬದುಕಿನ ಪಾಲನ್ನೂ ಬೇರೆ ಮಾಡಿ ನೋಡಬಹುದು?

"ಪ್ರಯೋಗ" ಅನ್ನುವ ನಿಮ್ಮ ಪದದ ಬಗ್ಗೆ ಒಂದು ಮಾತು. ಇಲ್ಲಿ ಮಗುವಿಗೆ ಯಾವ ಔಷಧವನ್ನೂ ಕೊಟ್ಟು ನೋಡುವುದಿಲ್ಲ. ಇರುವುದನ್ನು ಇದ್ದ ಹಾಗೆ ನೋಡುವುದಷ್ಟೇ. ಎಂಆರ್‌ಐನಲ್ಲಿ ಎಕ್ಸ್‌ರೇ ಥರದ ವಿಕಿರಣ ಇಲ್ಲ, ಅದು ಅಯಸ್ಕಾಂತದ ಯಂತ್ರ. ಈ ಅಧ್ಯಯನಕ್ಕೆ ಮಗುವಿಗೆ ಅರಿವಳಿಕೆಯಾಗಲೀ ನಿದ್ದೆ ಔಷಧವಾಗಲೀ ಕೊಡುವುದಿಲ್ಲ. ಹೊಟ್ಟೆ ತುಂಬ ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕಿವಿಗೆ ಸದ್ದು ತಡೆಯುವ ಮೆತ್ತೆ ಹಾಕಿ, ತಾನಾಗಿ ನಿದ್ದೆ ಹೋದಮೇಲೆ ಒಳಗೆ ಜಾರಿಸುತ್ತಾರೆ. ಯಂತ್ರ ಟಕಟಕ ಅಂತ ಭಾರೀ ಸದ್ದು ಮಾಡುತ್ತದೆ, ಅದಕ್ಕೇ ಆ ಮೆತ್ತೆ. ಮಗು ಎದ್ದರೆ ಅವತ್ತಿಗೆ ಅಷ್ಟೇ, ಇನ್ನೊಂದು ದಿನ ಬನ್ನಿ ಅನ್ನುತ್ತಾರೆ. ಇಂಥ ಒಂದು ಸ್ಕ್ಯಾನ್‌ಗೆ ನಾನೇ ಒಂದೂವರೆ ಗಂಟೆ ಕತ್ತಲೆ ಕೋಣೆಯಲ್ಲಿ ಮಗು ಮಲಗುವುದನ್ನು ಕಾಯುತ್ತಾ ಕೂತಿದ್ದೇನೆ. ಕೊನೆಗೆ ನಿದ್ದೆ ಹೋದವಳು ತಂತ್ರಜ್ಞೆ! ಇಇಜಿ ಅಂದರೆ ತಲೆಗೆ ಒದ್ದೆ ಬಲೆಯಂಥ ಟೋಪಿ ಹಾಕಿ ಮಿದುಳಿನ ವಿದ್ಯುತ್ ಅಲೆ ನೋಡುವುದು. ಮಗು ಎಷ್ಟು ಒದೆಯುತ್ತದೆ ಅಂತ ನೋಡಲು ಕಾಲಿಗೆ ಕಟ್ಟುವ ಸಣ್ಣ ಸಾಧನವೂ ಇದೆ.

ಹಾಗಂತ ಕಣ್ಣು ಮುಚ್ಚಿ ಸಹಿ ಹಾಕಲಿ ಅನ್ನುವುದಿಲ್ಲ. ಮಗಳಿಗೆ ಕೆಲವು ಪ್ರಶ್ನೆ ಕೇಳಲು ಹೇಳಿ. ಸ್ಕ್ಯಾನಿನಲ್ಲಿ ಏನಾದರೂ ದೋಷ ಕಂಡರೆ ನಮಗೆ ತಿಳಿಸುತ್ತೀರಾ? ರಕ್ತ, ಮೂತ್ರ, ಎಂಜಲಿನ ಮಾದರಿ ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ? ಮಾಹಿತಿ ಯಾರ ಕೈಗೆ ಹೋಗುತ್ತದೆ? ಎಚ್‌ಬಿಸಿಡಿಯ ಮಾಹಿತಿಯನ್ನು ಹೆಸರು ತೆಗೆದು 2025ರಿಂದ ಬೇರೆ ಸಂಶೋಧಕರಿಗೂ ಕೊಡಲು ಶುರು ಮಾಡಿದ್ದಾರೆ, ಇದು ತಿಳಿದಿರಲಿ. ಎನ್‌ಐಎಚ್ ಹಣದಲ್ಲಿ ನಡೆಯುವ ಇಂಥ ಅಧ್ಯಯನಗಳಿಗೆ ಗೌಪ್ಯತೆಯ ಸರ್ಟಿಫಿಕೇಟ್ ಅಂತ ಒಂದು ರಕ್ಷಣೆ ಇದೆ. ಕೋರ್ಟು ಕೇಳಿದರೂ ಹೆಸರು ಸಮೇತ ಮಾಹಿತಿ ಕೊಡುವಂತಿಲ್ಲ. ಆದರೆ ಮಗುವಿಗೆ ಹಿಂಸೆ ಆಗುತ್ತಿದೆ ಅಂತ ಕಂಡರೆ ಸಂಶೋಧಕರು ತಿಳಿಸಲೇಬೇಕಾಗಬಹುದು. ಸೇರಿದ ಮೇಲೆ ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಹೊರಗೆ ಬರಬಹುದು, ಚಿಕಿತ್ಸೆಗೆ ಅದರಿಂದ ತೊಂದರೆ ಇಲ್ಲ. ಸೇರಿದರೆ ಒಂದು ಲಾಭ ಅಂದರೆ ಮಗುವಿನ ಬೆಳವಣಿಗೆಯನ್ನು ಪಳಗಿದ ಕಣ್ಣುಗಳು ಮೇಲಿಂದ ಮೇಲೆ ನೋಡುತ್ತವೆ. ಸೇರದಿದ್ದರೂ ಮಗುವಿಗೆ ಏನೂ ನಷ್ಟವಿಲ್ಲ. ನಿಮ್ಮ ಮಗಳಿಗೆ ಈಗಲೇ ಕೈತುಂಬ ಚಿಂತೆ ಇದ್ದರೆ "ಬೇಡ" ಅನ್ನುವುದೂ ಸರಿಯಾದ ಉತ್ತರವೇ.

ನೆಲ್ಸನ್ ಹೆಸರು ಬಂತಲ್ಲ, ಅವರ ಇನ್ನೊಂದು ಕೆಲಸ ಹೇಳಲೇಬೇಕು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಅನಾಥಾಲಯಗಳ 136 ಮಕ್ಕಳ ಮೇಲೆ ಅವರೂ ಅವರ ಜೊತೆಗಾರರೂ ಅಧ್ಯಯನ ಶುರು ಮಾಡಿದರು. ಅಲ್ಲಿ ಮಕ್ಕಳಿಗೆ ಊಟ ಇತ್ತು, ಹಾಸಿಗೆ ಇತ್ತು. ಎತ್ತಿಕೊಳ್ಳುವ ಕೈ ಇರಲಿಲ್ಲ. ಅರ್ಧದಷ್ಟು ಮಕ್ಕಳನ್ನು ಸಾಕುವ ಮನೆಗಳಿಗೆ ಕಳಿಸಿದರು. ಹಾಗೆ ಹೋದವರ ಬುದ್ಧಿ, ಮಿದುಳಿನ ಅಲೆ, ಅಂಟಿಕೊಳ್ಳುವ ಗುಣ ಎಲ್ಲ ಸುಧಾರಿಸಿತು. ಎರಡು ವರ್ಷಕ್ಕಿಂತ ಮುಂಚೆ ಹೋದವರಲ್ಲಿ ಹೆಚ್ಚು. ನೀವು ಟಿಕೆಟ್ ತಗೊಂಡು ಅಲ್ಲಿಗೆ ಹೋಗುತ್ತಿರುವುದು ಮಿದುಳಿನ ವಿಷಯದಲ್ಲಿ ಎಷ್ಟು ದೊಡ್ಡ ಔಷಧ ಅಂತ ಇದರಿಂದ ಅಂದಾಜು ಮಾಡಿಕೊಳ್ಳಿ.

ಆಸ್ಪತ್ರೆಯಲ್ಲಿ ನೀವು ನೋಡುವುದು ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಹಿಂದೆ ಫಿನೆಗನ್ ಸ್ಕೋರ್ ಅಂತ ಇತ್ತು. ಮೂರು ನಾಲ್ಕು ಗಂಟೆಗೊಮ್ಮೆ ಮಗುವನ್ನು ನೋಡಿ ಇಪ್ಪತ್ತಕ್ಕೂ ಹೆಚ್ಚು ಲಕ್ಷಣಕ್ಕೆ ಅಂಕ ಹಾಕುವುದು. ಅಂಕ ಜಾಸ್ತಿ ಆದರೆ ಮಾರ್ಫಿನ್ ಹನಿ. ಎಷ್ಟೋ ಸಲ ಮಗು ಮಲಗಿದ್ದಾಗ ನಾವೇ ಎಬ್ಬಿಸಿ, ಬೆಳಕು ಹಾಕಿ, ಬಟ್ಟೆ ಬಿಚ್ಚಿ, ಅದು ಅತ್ತಿತು ಅಂತ ಅಂಕ ಕೊಡುತ್ತಿದ್ದೆವು. ಈಗ ನೆನೆಸಿಕೊಂಡರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಆಮೇಲೆ ಯೇಲ್‌ನ ಮ್ಯಾಥ್ಯೂ ಗ್ರಾಸ್‌ಮನ್ ಅನ್ನುವ ಮಕ್ಕಳ ಡಾಕ್ಟರ್ ಮತ್ತು ಅವರ ತಂಡ ಮೂರೇ ಪ್ರಶ್ನೆ ಕೇಳಲು ಶುರು ಮಾಡಿದರು. ಮಗು ಹಾಲು ಕುಡಿಯುತ್ತಾ? ಒಂದು ಗಂಟೆ ನಿದ್ದೆ ಮಾಡುತ್ತಾ? ಅತ್ತರೆ ಹತ್ತು ನಿಮಿಷದಲ್ಲಿ ಸಮಾಧಾನ ಆಗುತ್ತಾ? ಮೂರಕ್ಕೂ ಹೌದು ಅಂದರೆ ಔಷಧ ಬೇಡ. ಇದನ್ನು 26 ಆಸ್ಪತ್ರೆಗಳ 1305 ಮಕ್ಕಳಲ್ಲಿ ನೋಡಿದ ಫಲಿತಾಂಶ 2023ರಲ್ಲಿ ಬಂತು. ಹಳೆಯ ಪದ್ಧತಿಯಲ್ಲಿ ಮಗು ಮನೆಗೆ ಹೋಗಲು ತಯಾರಾಗಲು ಸರಾಸರಿ 14.9 ದಿನ ಬೇಕಾದರೆ ಹೊಸದರಲ್ಲಿ 8.2 ದಿನ. ಔಷಧ ಬೇಕಾದ ಮಕ್ಕಳು 52 ಪರ್ಸೆಂಟ್‌ನಿಂದ 19.5ಕ್ಕೆ ಇಳಿದರು.

ಒಂದು ರಾತ್ರಿ ನೆನಪಿದೆ. ಮೂರು ದಿನದ ಹೆಣ್ಣುಮಗು, ಎರಡು ಗಂಟೆಯಿಂದ ಕೀರುತ್ತಿತ್ತು. ಗಲ್ಲ ಹಾಸಿಗೆಗೆ ಉಜ್ಜಿ ಉಜ್ಜಿ ಕೆಂಪಾಗಿತ್ತು. ನಾನು ಮಾರ್ಫಿನ್ ಬರೆಯಲು ಪೆನ್ ತೆಗೆದಿದ್ದೆ. ವಯಸ್ಸಾದ ನರ್ಸ್ ಒಬ್ಬಳು ಏನೂ ಮಾತಾಡದೆ ಲೈಟ್ ಆರಿಸಿದಳು, ಟಿವಿ ಆರಿಸಿದಳು, ಅಮ್ಮನ ಗೌನ್ ಸಡಿಲಿಸಿ ಮಗುವನ್ನು ಎದೆಗೆ ಚರ್ಮಕ್ಕೆ ಚರ್ಮ ತಾಗುವ ಹಾಗೆ ಇಟ್ಟು, ಮೇಲೆ ಒಂದು ಹೊದಿಕೆ ಎಳೆದಳು. ಮೇಲೆ ಕೆಳಗೆ ತೂಗು ಅಂತ ಕೈಸನ್ನೆ ಮಾಡಿದಳು, ಪಕ್ಕಕ್ಕೆ ಬೇಡ. ಏಳು ನಿಮಿಷಕ್ಕೆ ಮಗು ಸುಮ್ಮನಾಯಿತು. ಅಮ್ಮ ಅಳಲು ಶುರು ಮಾಡಿದಳು.

ನಿಮ್ಮ ಕೆಲಸವೂ ಇದೇ. ಕೋಣೆ ಮಬ್ಬಾಗಿರಲಿ. ಮಗುವನ್ನು ನೋಡಲು ಬರುವ ಗೆಳೆಯರ ಗುಂಪನ್ನು ಬಾಗಿಲಲ್ಲೇ ನಿಲ್ಲಿಸಿ, ಈ ಕೆಲಸ ಅಜ್ಜಿಯರಷ್ಟು ಚೆನ್ನಾಗಿ ಯಾರೂ ಮಾಡಲಾರರು. ಸ್ವಲ್ಪ ಸ್ವಲ್ಪ ಹಾಲು, ಮೇಲಿಂದ ಮೇಲೆ. ನಮ್ಮ ಕಡೆಯ ಜೋರು ಎಣ್ಣೆ ತಿಕ್ಕುವುದು, ಬಿಸಿನೀರು ಹುಯ್ಯುವುದು ಮೊದಲ ವಾರಗಳಲ್ಲಿ ಬೇಡ, ಅಂಗೈಯಿಂದ ಹಗುರವಾಗಿ ಸವರಿದರೆ ಸಾಕು. ಸಾಂಬ್ರಾಣಿ ಹೊಗೆಯಂತೂ ಬೇಡವೇ ಬೇಡ. ಎದೆಹಾಲು ಕೊಡಬಹುದಾ? ಕೊಡಬೇಕು. ಚಿಕಿತ್ಸೆಯಲ್ಲಿ ಸ್ಥಿರವಾಗಿದ್ದು ಬೇರೆ ಮಾದಕ ವಸ್ತು ಮುಟ್ಟದಿದ್ದರೆ ಬ್ಯುಪ್ರೆನಾರ್ಫಿನ್ ಜೊತೆಗೆ ಹಾಲುಣಿಸುವುದು ಸುರಕ್ಷಿತ. ಹಾಲಿಗೆ ಬರುವ ಔಷಧ ಬಹಳ ಕಡಿಮೆ, ಮತ್ತೆ ಎದೆಹಾಲು ಕುಡಿದ ಮಕ್ಕಳಲ್ಲಿ ಕಡಿತದ ಲಕ್ಷಣ ಕಡಿಮೆ.

ಹೆರಿಗೆ ನೋವಿನ ಬಗ್ಗೆ ಮಗಳು ಅರಿವಳಿಕೆ ಡಾಕ್ಟರನ್ನು ಮೊದಲೇ ಕಾಣಲಿ. ಆ ದಿನವೂ ಅವಳ ಮಾತ್ರೆ ನಿಲ್ಲಿಸಬಾರದು, ಎಪಿಡ್ಯೂರಲ್ (ಬೆನ್ನಿಗೆ ಕೊಡುವ ಅರಿವಳಿಕೆ) ತಗೊಳ್ಳಬಹುದು. ಆದರೆ ಬ್ಯುಟಾರ್ಫನಾಲ್, ನಾಲ್ಬ್ಯುಫಿನ್ ಅನ್ನುವ ಎರಡು ನೋವಿನ ಇಂಜೆಕ್ಷನ್ ಅವಳಿಗೆ ಕೂಡದು, ಒಮ್ಮೆಗೇ ಕಡಿತದ ಒದ್ದಾಟ ತರಬಲ್ಲವು. ಇದನ್ನು ಚೀಟಿಯಲ್ಲಿ ಬರೆದು ಬ್ಯಾಗಿನಲ್ಲಿಡಿ. ಮಾತ್ರೆ ಬರೆದುಕೊಡುವ ಡಾಕ್ಟರಿಂದ ಒಂದು ಪತ್ರವೂ ಇರಲಿ. ಯಾಕೆಂದರೆ ಅಮೆರಿಕದ 2016ರ ಒಂದು ಕಾನೂನಿನ ಪ್ರಕಾರ ಇಂಥ ಮಗು ಮನೆಗೆ ಹೋಗುವ ಮುಂಚೆ ಆರೈಕೆಯ ಯೋಜನೆ ಬರೆಯಬೇಕು, ಡಾಕ್ಟರ್ ಕೊಟ್ಟ ಔಷಧವಾದರೂ ಸರಿ. ಅದಕ್ಕೆ ಸೋಷಿಯಲ್ ವರ್ಕರ್ ಬಂದು ಮಾತಾಡಬಹುದು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. "ಮಗುವನ್ನು ಕಿತ್ಕೊಂಡು ಹೋಗ್ತಾರೆ" ಅಂತ ಹೆದರಿ ಏನನ್ನೂ ಮುಚ್ಚಿಡಬೇಡಿ. ಎರಡು ವರ್ಷದಿಂದ ಚಿಕಿತ್ಸೆಯಲ್ಲಿದ್ದಾಳೆ, ಮನೆಯಲ್ಲಿ ಗಂಡ ಇದ್ದಾನೆ, ಅಜ್ಜಿ ಬಂದಿದ್ದಾರೆ ಅನ್ನುವುದು ಅವಳ ಪರವಾದ ಸಾಕ್ಷಿ. ಟೆನ್ನೆಸ್ಸಿ ರಾಜ್ಯದಲ್ಲಿ 2014ರಿಂದ 2016ರ ತನಕ ಇಂಥ ಅಮ್ಮಂದಿರ ಮೇಲೆ ಕೇಸ್ ಹಾಕುವ ಕಾನೂನಿತ್ತು. ಬಸುರಿಯರು ಹೆದರಿ ಆಸ್ಪತ್ರೆಗೇ ಬರುವುದು ಬಿಟ್ಟರು ಅನ್ನುವ ದೂರು ಎದ್ದಿತು. ಆಮೇಲೆ ಅದನ್ನು ಮುಂದುವರಿಸಲಿಲ್ಲ.

ಮನೆಗೆ ಬಂದಮೇಲೆ ಮಗುವಿನ ಕಣ್ಣು ತೋರಿಸಿ. ಇಂಥ ಮಕ್ಕಳಲ್ಲಿ ಮೆಳ್ಳಗಣ್ಣು ಸ್ವಲ್ಪ ಹೆಚ್ಚು ಕಾಣುತ್ತದೆ, ಬೇಗ ಹಿಡಿದರೆ ಸರಿ ಮಾಡಬಹುದು. ತಲೆ ಸುತ್ತಳತೆ, ಕತ್ತು ನಿಲ್ಲುವುದು, ತೊದಲು ಮಾತು ಇವನ್ನೆಲ್ಲ ಮಕ್ಕಳ ಡಾಕ್ಟರ್ ಅಳೆಯುತ್ತಾ ಹೋಗುತ್ತಾರೆ. ತಡ ಕಂಡರೆ ಮೂರು ವರ್ಷದೊಳಗೆ ಥೆರಪಿ ಕೊಡುವ ಸರ್ಕಾರಿ ಕಾರ್ಯಕ್ರಮ ಅಲ್ಲಿ ಎಲ್ಲ ರಾಜ್ಯದಲ್ಲೂ ಇದೆ.

ಇದು ಅಮೆರಿಕದ ಮನೆಗಳ ಕಥೆ, ನಮ್ಮಲ್ಲಿಲ್ಲ ಅಂತ ಓದುತ್ತಿರುವ ಬೇರೆಯವರಿಗೆ ಅನ್ನಿಸಿದರೆ, 2019ರಲ್ಲಿ ಬಂದ ಕೇಂದ್ರ ಸರ್ಕಾರದ ಸಮೀಕ್ಷೆ ನಮ್ಮ ದೇಶದಲ್ಲಿ ನೂರಕ್ಕೆ ಇಬ್ಬರು ಓಪಿಯಾಯ್ಡ್ ಬಳಸುತ್ತಾರೆ ಅಂದಿತ್ತು. ಟ್ರಮಡಾಲ್ ಅನ್ನುವ ಓಪಿಯಾಯ್ಡ್ ನೋವಿನ ಮಾತ್ರೆಯನ್ನು 2018ರಲ್ಲಿ ಮಾದಕ ವಸ್ತು ಕಾನೂನಿಗೆ ಸೇರಿಸಿದ್ದೂ ಸುಮ್ನೆ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಕೇಂದ್ರ ಇದೆ, ವ್ಯಸನಮುಕ್ತಿಯ ಸಹಾಯವಾಣಿ 14446ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಕೊನೆಗೆ, ನೀವು ಕೇಳದ ಒಂದು ವಿಷಯ. ಬಾಣಂತನಕ್ಕೆ ಹೊರಟಿದ್ದೀರಿ ಅಂದರೆ ಅಂಟಿನುಂಡೆ ಡಬ್ಬಿ ಕಟ್ಟಿರುತ್ತೀರಿ. ಅದರಲ್ಲಿ ಗಸಗಸೆ ಹಾಕಿದ್ದೀರಾ? ಗಸಗಸೆ ಅಫೀಮು ಗಿಡದ ಬೀಜ. ಅದರ ಮೇಲೆ ಚೂರು ಮಾರ್ಫಿನ್ ಅಂಟಿಕೊಂಡಿರುತ್ತದೆ, ತಿಂದವರ ಮೂತ್ರದಲ್ಲಿ ಅದು ಪರೀಕ್ಷೆಗೆ ಸಿಗುತ್ತದೆ. ಅಮೆರಿಕದ ಸೇನೆಯೇ 2023ರಲ್ಲಿ ತನ್ನ ಸೈನಿಕರಿಗೆ ಗಸಗಸೆ ತಿನ್ನಬೇಡಿ ಅಂತ ಹೇಳಿತು. ನಿಮ್ಮ ಮಗಳ ಮೂತ್ರ ಪರೀಕ್ಷೆ ಕ್ಲಿನಿಕ್ಕಿನಲ್ಲೂ ಆಗುತ್ತದೆ, ಹೆರಿಗೆ ಹೊತ್ತಿನಲ್ಲೂ ಆಗಬಹುದು. ಬ್ಯುಪ್ರೆನಾರ್ಫಿನ್ ತಗೊಳ್ಳುವವಳ ಮೂತ್ರದಲ್ಲಿ ಮಾರ್ಫಿನ್ ಕಂಡರೆ "ಮತ್ತೆ ಶುರು ಮಾಡಿದಳು" ಅಂತ ಬರೆದುಕೊಳ್ಳುತ್ತಾರೆ. ಉಂಡೆಯಿಂದ ಬಂತು ಅಂತ ನಂಬಿಸಲು ನೀವು ಎಷ್ಟು ಒದ್ದಾಡಬೇಕೋ! ಇನ್ನು ದುಬೈ ಮೇಲೆ ಹೋಗುವ ವಿಮಾನವಾದರೆ ಸೂಟ್‌ಕೇಸಿನಲ್ಲೂ ಅದು ಇರಕೂಡದು, ಅಲ್ಲಿ ಗಸಗಸೆಗೇ ನಿಷೇಧ ಇದೆ. ಉಂಡೆ ಮಾಡಿ ಮುಗಿಸಿದ್ದರೆ ಅದನ್ನು ಅಕ್ಕಪಕ್ಕದವರಿಗೆ ಹಂಚಿಬಿಡಿ. ಮಗಳಿಗೆ ಇನ್ನೊಂದು ಸಲ ಮಾಡಿ. ಕೊಬ್ಬರಿ, ಅಂಟು, ಉತ್ತುತ್ತೆ, ಬಾದಾಮಿ ಎಲ್ಲ ಹಾಕಿ. ಗಸಗಸೆ ಬಿಟ್ಟರೆ ರುಚಿಗೆ ಅಂಥಾ ವ್ಯತ್ಯಾಸ ಏನಾಗಲ್ಲ.